ಇಟ್ಟಿಗೆ ಗೂಡಿನ ಗೇಟು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ನಾದ್‌ಕೂತ್ ಊರಿನ ಮೇಯರ್ ತಿಹಮೇರ್ ಅವರೇ, ಬುಡಾಪೆಸ್ಟಿನಿಂದ ಬಂದಿರುವ ಎಂಜಿನಿಯರ್ ಬರ್ನಬಾಶ್ ಅವರೇ, ಫುಟ್‌ಬಾಲ್ ಸಂಘದ ಪದಾಧಿಕಾರಿಗಳೇ, ಆಟಗಾರರೇ, ಸ್ಥಳ ಆಯ್ಕೆ ಸಮಿತಿಯ ನನ್ನ ಜೊತೆಗಾರರೇ, ಕುರ್ಚಿ ಸಿಕ್ಕ ಸಭಿಕರೇ, ಕುರ್ಚಿ ಸಿಗದೆ ಬಾಗಿಲಲ್ಲಿ ನಿಂತಿರುವ ಸಭಿಕರೇ, ಎಲ್ಲರಿಗೂ ವಂದನೆಗಳು. ಬಾಗಿಲಲ್ಲಿ ನಿಂತವರು ಸ್ವಲ್ಪ ಪಕ್ಕಕ್ಕೆ ಸರಿಯಬೇಕೆಂದು ಕೇಳಿಕೊಳ್ಳುತ್ತೇನೆ. ಇನ್ನೂ ಸ್ವಲ್ಪ. ಈಗ ನನಗೆ ಹೊರಗಿನ ಬೀದಿ ಕಾಣುತ್ತಿದೆ. ಇನ್ನು ಮಾತಾಡಬಲ್ಲೆ.

ನಾನು ಪಿರೋಶ್ಕ. ನಿಮ್ಮಲ್ಲಿ ಅರ್ಧ ಜನಕ್ಕೆ ಸಂಗೀತ ಕಲಿಸಿದವಳು, ಉಳಿದರ್ಧ ಜನಕ್ಕೆ ಕಲಿಸಲು ಹೋಗಿ ಸೋತವಳು. ಮೇಯರ್ ಸಾಹೇಬರು ಯಾವ ಅರ್ಧದವರೆಂದು ಅವರ ಹಾಡು ಕೇಳಿದವರಿಗೆಲ್ಲ ಗೊತ್ತು. ಕಳೆದ ವಾರ ಅವರು ನಮ್ಮ ಮನೆಗೆ ಬಂದು, ನಾನು ಕೊಟ್ಟ ಕೇಕು ತಿಂದು, "ಟೀಚರ್, ಸಮಿತಿಗೆ ಸನ್ಮಾನ ಇಟ್ಕೊಂಡಿದೀವಿ. ಎಲ್ಲರ ಪರವಾಗಿ ನೀವೇ ಎರಡು ಒಳ್ಳೇ ಮಾತಾಡಿ. ಎರಡೇ ಸಾಕು," ಎಂದರು. ಆ ಎರಡು ಮಾತನ್ನು ಮೊದಲು ಆಡಿಬಿಡುತ್ತೇನೆ. ಹೊಸ ಕ್ರೀಡಾಂಗಣಕ್ಕೆ ಜಾಗ ಹುಡುಕಲು ಸಮಿತಿ ಬಹಳ ಕಷ್ಟಪಟ್ಟಿತು. ಊಟದ ವ್ಯವಸ್ಥೆಯೂ ಚೆನ್ನಾಗಿತ್ತು. ಸರಿ, ಎರಡೂ ಆಯಿತು.

ಇನ್ನು ನನ್ನ ಮಾತು. ಸಭಿಕರೇ, ನನಗೆ ಭಯವಾಗುತ್ತಿದೆ. ಈ ಮೈಕಿನ ಭಯವಲ್ಲ. ನಾವು ಆರಿಸಿರುವ ಜಾಗದ ಭಯ. ಸಮಿತಿಯಲ್ಲಿ ಎಲ್ಲರೂ ಕೈ ಎತ್ತಿದಾಗ ಎತ್ತದೆ ಕುಳಿತವಳು ನಾನೊಬ್ಬಳೇ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಒಗ್ಗಟ್ಟು ಕಾಣಲಿ ಎಂದು ನನ್ನನ್ನೇ ಇಲ್ಲಿ ನಿಲ್ಲಿಸಿದ್ದಾರೆ. ತಿಹಮೇರ್, ನೀನು ಶಾಲೆಯಲ್ಲೂ ಹೀಗೆಯೇ, ಅಪಸ್ವರ ಬಂದ ಕಡೆ ಗಟ್ಟಿಯಾಗಿ ಚಪ್ಪಾಳೆ ತಟ್ಟುತ್ತಿದ್ದೆ.

ಜಾಗ ಹುಡುಕುವುದು ಸುಲಭವಾಗಿತ್ತೇ? ಖಂಡಿತ ಇರಲಿಲ್ಲ. ಕಾಗದದ ಕಾರ್ಖಾನೆಯ ಹಿಂದಿನ ಜಾಗಕ್ಕೆ ರೈಲು ಹತ್ತಿರ, ಆದರೆ ಕಾರು ಹೋಗಲು ಎತ್ತಿನ ಗಾಡಿಯ ಕಾಲದ ದಾರಿ. ಕೋಳಿ ಫಾರ್ಮಿನ ಆಚೆಯ ಜಾಗಕ್ಕೆ ರಿಂಗ್ ರೋಡು ಹತ್ತಿರ, ಆದರೆ ರೈಲಿಳಿದು ನಡೆದು ಹೋಗುವಷ್ಟರಲ್ಲಿ ಮೊದಲರ್ಧ ಮುಗಿದಿರುತ್ತದೆ. ರೈಲಿನವರು ಒಂದು ಕಡೆ ಮುಖ ಊದಿಸಿಕೊಂಡರು, ಕಾರಿನವರು ಇನ್ನೊಂದು ಕಡೆ. ಕೊನೆಗೆ ಇಬ್ಬರೂ ನಕ್ಕದ್ದು ಹಳೆಯ ಇಟ್ಟಿಗೆ ಗೂಡಿನ ಜಾಗ ನೋಡಿ. ರೈಲೂ ಅಲ್ಲೇ, ರಿಂಗ್ ರೋಡೂ ಅಲ್ಲೇ. ಇನ್ನೇನು ಬೇಕು?

ಇನ್ನೇನು ಬೇಕೆಂದು ನಾನು ಹೇಳುತ್ತೇನೆ. ಹಳಿಯ ಈ ಬದಿಗೆ ಕ್ರೀಡಾಂಗಣ. ಆ ಬದಿಗೆ, ವಿದ್ಯುತ್ ತಂತಿಗಳ ಕೆಳಗೆ, ಕಾರು ನಿಲ್ಲಿಸುವ ಬಯಲು. ಅಲ್ಲಿ ಕಾರು ನಿಲ್ಲಿಸಬಹುದೇ ಹೊರತು ಕಟ್ಟಡ ಕಟ್ಟುವಂತಿಲ್ಲ. ಬುಡಾಪೆಸ್ಟಿನ ಕಡೆಗೆ ಹೋಗುವ ರೈಲು ನಿಲ್ಲುವ ಪ್ಲಾಟ್‌ಫಾರಂ ಕೂಡ ಆ ಬದಿಗೇ. ಅಂದರೆ ಆಟ ಮುಗಿದ ಮೇಲೆ ಕಾರಿನವರೂ ರೈಲಿನವರೂ ಒಂದೇ ಗೇಟು ದಾಟಬೇಕು. ಇಟ್ಟಿಗೆ ಗೂಡಿನ ರೈಲ್ವೆ ಗೇಟು. ಈ ಸಾಂಸ್ಕೃತಿಕ ಭವನದಿಂದ ಕೆಳಗಿಳಿದರೆ ಸಿಗುತ್ತದಲ್ಲ, ಅದೇ.

ನಮ್ಮ ಊರಿನವರು ಆ ಗೇಟನ್ನು ಹೇಗೆ ದಾಟುತ್ತಾರೆಂದು ನಾನು ಹೇಳಬೇಕೇ? ಗೇಟು ಬಿದ್ದಿರುತ್ತದೆ, ಗಂಟೆ ಹೊಡೆಯುತ್ತಿರುತ್ತದೆ, ಕೆಂಪು ದೀಪ ಉರಿಯುತ್ತಿರುತ್ತದೆ, ನಾವು ಬೆನ್ನು ಬಗ್ಗಿಸಿ ನುಸುಳುತ್ತೇವೆ. ಅವಸರ ಇರುವುದರಿಂದಲ್ಲ. ನಾದ್‌ಕೂತ್‌ನಲ್ಲಿ ಯಾರಿಗೆ ಏನು ಅವಸರ? ಮುಂದಿನವನು ನುಸುಳಿದ, ನಾನೂ ನುಸುಳಿದೆ, ಅಷ್ಟೇ. ಪಾದ್ರಿಗಳು ನುಸುಳುವುದನ್ನು ನೋಡಿದ್ದೇನೆ. ಮದುವಣಗಿತ್ತಿಯೊಬ್ಬಳು ಲಂಗ ಎತ್ತಿ ಹಿಡಿದು ನುಸುಳಿದ್ದನ್ನೂ ನೋಡಿದ್ದೇನೆ. ನಗುತ್ತೀರಿ. ನಾನೂ ಆಗ ನಕ್ಕಿದ್ದೆ.

ಎಂಜಿನಿಯರ್ ಬರ್ನಬಾಶ್ ಅವರನ್ನು ನಾನು ದೂರುವುದಿಲ್ಲ. ಅವರು ಸಭ್ಯರು, ಶ್ರಮಜೀವಿ. ಎಲ್ಲ ಊರುಗಳಲ್ಲಿಯೂ ಆಟ ಮುಗಿಯುವ ಮೊದಲೇ ಒಂದಷ್ಟು ಜನ ಹೊರಡುತ್ತಾರೆ, ಮುಗಿದ ಮೇಲೆ ಒಂದಷ್ಟು ಜನ, ಬಿಯರ್ ಕುಡಿದು ನಿಧಾನವಾಗಿ ಒಂದಷ್ಟು ಜನ ಎಂದು ಲೆಕ್ಕ ಹಾಕಿ ಗೇಟು ಸಾಕಾಗುತ್ತದೆ ಎಂದಿದ್ದರು. ನಾನು ಅವರನ್ನು ನಮ್ಮ ಹಳೆಯ ಮೈದಾನಕ್ಕೆ ಒಂದು ಪಂದ್ಯ ನೋಡಲು ಕರೆದುಕೊಂಡು ಹೋದೆ. ಆಟ ಮುಗಿಯಲು ಇನ್ನೂ ಸ್ವಲ್ಪ ಇದೆ ಎನ್ನುವಾಗ ಪಾಪ, ರೈಲು ಹಿಡಿಯಲೆಂದು ಎದ್ದರು. ಲಾಂಗೋಶ್ ರೊಟ್ಟಿ ಕರಿಯುವ ನಮ್ಮ ರೋಜಿ ಸೌಟು ಹಿಡಿದುಕೊಂಡೇ ದಾರಿಗೆ ಅಡ್ಡ ನಿಂತಳು.

"ಏನಪ್ಪಾ, ಮನೇಲಿ ಒಲೆ ಮೇಲೆ ಹಾಲಿಟ್ಟು ಬಂದಿದೀಯಾ?" ಎಂದಳು.

"ಇಲ್ಲಮ್ಮ, ರೈಲಿಗೆ ಹೊತ್ತಾಯ್ತು," ಎಂದರು ಇವರು.

"ಆಟ ಮುಗಿದು ಹಾಡಾಗದೆ ಇಲ್ಲಿಂದ ಯಾರೂ ಕದಲಲ್ಲ. ಕೂತ್ಕೋ. ಹೋಗೋರನ್ನ ನಮ್ಮೂರಲ್ಲಿ ಏನಂತಾರೆ ಗೊತ್ತಾ? ದ್ರೋಹಿ ಅಂತಾರೆ."

ಬರ್ನಬಾಶ್ ಅವರು ಬಂದು ನನ್ನ ಪಕ್ಕದಲ್ಲಿ ಕುಳಿತು, "ಮೇಡಂ, ಆಟ ಸೋತಿದ್ರೂ ಹೀಗೇನಾ?" ಎಂದು ಕೇಳಿದರು. "ಸೋತಾಗ್ಲೇ ಜಾಸ್ತಿ ಹೊತ್ತು ಹಾಡ್ತೀವಿ," ಎಂದೆ. ಅವರ ಮುಖ ಸಪ್ಪಗಾಯಿತು. ಹಾಡು ಮುಗಿಯಿತು, ಕೊನೆಯ ಸ್ವರ ನಿಂತಿತು, ನಾವೆಲ್ಲ ಒಟ್ಟಿಗೆ ಎದ್ದೆವು. ಹಳೆಯ ಮೈದಾನಕ್ಕೆ ನಾಲ್ಕು ಕಡೆ ಬೀದಿಗಳಿವೆ, ನೀರು ಇಂಗಿದ ಹಾಗೆ ಇಂಗಿಹೋದೆವು. ಹೊಸದರಲ್ಲಿ ಎಲ್ಲಿ ಇಂಗುವುದು? ಅವರು ಊರಿಗೆ ಹಿಂತಿರುಗಿದ ಮೇಲೆ ನಕ್ಷೆಯಲ್ಲಿ ಹಳಿಯ ಕೆಳಗೆ ಅಗಲವಾದ ಒಂದು ಅಂಡರ್‌ಪಾಸ್ ಬರೆದರು. ಅದಕ್ಕಾಗಿ ಅವರಿಗೆ ನನ್ನ ನಮನ. ನಮ್ಮ ಮೇಯರ್ ಅದನ್ನು ಎರಡನೇ ಹಂತಕ್ಕೆ ಹಾಕಿದರು.

"ಮೊದಲು ಹುಲ್ಲು ಬೆಳೀಲಿ ಟೀಚರ್. ಅಂಡರ್‌ಪಾಸ್ ಎರಡನೇ ಹಂತದಲ್ಲಿ ಆಗೇ ಆಗುತ್ತೆ."

ಎರಡನೇ ಹಂತ. ನಾವೀಗ ಕುಳಿತಿರುವ ಈ ಭವನಕ್ಕೆ ಎರಡನೇ ಹಂತದಲ್ಲಿ ಹಿಂಬಾಗಿಲು ಬರಬೇಕಿತ್ತು. ನಾನು ಅದನ್ನು ಕಾಯುತ್ತ ಕಾಯುತ್ತ ಮುದುಕಿಯಾದೆ. ಇಂದಿಗೂ ಒಂದೇ ಬಾಗಿಲು, ಅದರಲ್ಲೂ ಅರ್ಧಕ್ಕೆ ಕೋಟು ನೇತುಹಾಕುವ ಗೂಟಗಳು.

ಕ್ಷಮಿಸಿ, ಒಂದು ಕ್ಷಣ. ಗೇಟಿನ ಗಂಟೆ ಹೊಡೆಯುತ್ತಿದೆ. ನಿಮಗೆ ಅದು ಕೇಳಿಸುವುದೇ ಇಲ್ಲವೇನೋ. ನನಗೆ ಅದು ನಿಲ್ಲುವವರೆಗೆ ಬಾಯಿಂದ ಮಾತು ಹೊರಡುವುದಿಲ್ಲ.

ನಿಂತಿತು. ಎಲ್ಲಿದ್ದೆ? ಹಾಡು. ಹಾಡಿನ ಬಗ್ಗೆ ಹೇಳುತ್ತಿದ್ದೆ. ಅದನ್ನು ಕಟ್ಟಿದವರು ನನ್ನ ಯಜಮಾನರು ದೆಝೋ ಎಂಬುದು ನಿಮಗೆಲ್ಲ ಗೊತ್ತು. ತಂಡ ಕೆಳಗಿನ ದರ್ಜೆಗೆ ಇಳಿದ ವರ್ಷ ಆಟಗಾರರು ಬೇಲಿಯ ಹತ್ತಿರ ಬಂದು ತಲೆ ತಗ್ಗಿಸಿ ನಿಂತಿದ್ದರು. ಬೈಯಬೇಕೋ ಅಳಬೇಕೋ ಯಾರಿಗೂ ತೋಚಲಿಲ್ಲ. ಇವರು ಟ್ರಂಪೆಟ್ ತೆಗೆದು ಊದಿದರು. ಅಂದಿನಿಂದ ಆಟಗಾರರು ಬೇಲಿಗೆ ಬರುವುದು, ನಾವು ಹಾಡುವುದು, ಟ್ರಂಪೆಟಿನ ಕೊನೆಯ ಸ್ವರ ನಿಂತ ಮೇಲೆಯೇ ಏಳುವುದು ನಡೆದು ಬಂದಿದೆ. ದೇಶದ ಬೇರೆ ಯಾವ ಊರಿಗೂ ಇದು ಸಾಧ್ಯವಾಗಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ನಾನೂ ಪಡುತ್ತೇನೆ. ಮನೆಯಲ್ಲಿ ಇವರು ಆ ರಾಗವನ್ನು ಸೂಪು ಕುಡಿಯುತ್ತ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು, ಮೇಜುಬಟ್ಟೆಯೆಲ್ಲ ಕಲೆ. ಜಗಳವಾಡುತ್ತಿದ್ದೆ. ಈಗ ಜಗಳಕ್ಕೂ ಜನವಿಲ್ಲ.

ಆ ಟ್ರಂಪೆಟ್ ಈಗ ನಮ್ಮ ಮಗಳು ಕಿಂಗಾಳ ಬಳಿ ಇದೆ. ಎರಡನೇ ಸಾಲಿನಲ್ಲಿ ಕುಳಿತಿದ್ದಾಳೆ, ನನ್ನ ಕಡೆ ಕಣ್ಣು ಬಿಡುತ್ತಿದ್ದಾಳೆ, ಸಾಕು ಮಾಡು ಎಂದು. ನಲವತ್ತು ದಾಟಿದರೂ ಅಮ್ಮನಿಗೆ ಕಣ್ಣು ಬಿಡುವುದು ಬಿಟ್ಟಿಲ್ಲ. ಹೊಸ ಕ್ರೀಡಾಂಗಣದಲ್ಲೂ ಕೊನೆಯ ಸ್ವರ ಊದುವವಳು ಅವಳೇ. ಅಂದರೆ ಎಲ್ಲರ ಜೊತೆ, ಆ ಗೇಟಿಗೆ, ಪ್ರತಿ ಪಂದ್ಯದ ಸಂಜೆ. ಆ ಟ್ರಂಪೆಟ್ಟಿಗೆ ಒಂದೇ ಒಂದು ನೆಗ್ಗೂ ಇಲ್ಲ, ಇಷ್ಟು ವರ್ಷವಾದರೂ ಹೇಗೆ ಇಟ್ಟುಕೊಂಡಿದ್ದೀರಿ ಎಂದು ಜನ ನನ್ನನ್ನು ಕೇಳುತ್ತಾರೆ. ನಾವು ಜೋಪಾನವಾಗಿ ಇಟ್ಟದ್ದಲ್ಲ. ಆವತ್ತು ಅದು ಅವಳ ಕೈಯಲ್ಲಿತ್ತು.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ.

ಹಳೆಯ ಮೈದಾನದಲ್ಲಿ ಇವರ ನೆನಪಿಗೆ ಹಾಕಿರುವ ಕಲ್ಲಿನಲ್ಲಿ "ಅಕಾಲ ಮರಣ" ಎಂದು ಕೆತ್ತಿಸಿದ್ದೀರಿ. ಹೃದಯದ ತೊಂದರೆ ಎಂದು ಹೊಸಬರು ತಿಳಿದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ನಮ್ಮ ಮನೆ ಆಗ ಹಳಿಯ ಆಚೆ ಇತ್ತು. ಆಟ ಮುಗಿಸಿ, ಹಾಡು ಮುಗಿಸಿ, ಹತ್ತಾರು ಜನ ಒಟ್ಟಿಗೆ ನಡೆದು ಬರುತ್ತಿದ್ದರು. ಗೇಟು ಬಿದ್ದಿತ್ತು. ಮುಂದಿದ್ದವರು ನುಸುಳಿದರು. ದಾಟಿದವರಲ್ಲಿ ಯಾರೋ ತಿರುಗಿ, "ಬನ್ನಿ ದೆಝೋ ಮಾವ, ಇದು ನಿಂತಿರೋ ರೈಲು," ಎಂದು ಕರೆದರಂತೆ. ನಿಜವೇ, ಅದು ನಿಂತ ರೈಲು. ಅದರ ಹಿಂದಿನಿಂದ ಎದುರು ದಿಕ್ಕಿನದು ಬರುತ್ತಿತ್ತು. ಕಿಂಗಾ ಆಗ ನಾಲ್ಕನೇ ಕ್ಲಾಸು. ಟ್ರಂಪೆಟ್ ಹೊರುವುದು ಅವಳ ಹಟ, ಅದರ ಭಾರಕ್ಕೆ ಸ್ವಲ್ಪ ಹಿಂದೆ ಬಿದ್ದಿದ್ದಳು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಆ ಗಂಟೆಯನ್ನು ಕೇಳುತ್ತಿದ್ದೆ. ಅದು ಬಹಳ ಹೊತ್ತು ನಿಲ್ಲಲಿಲ್ಲ.

ಕರೆದವರು ಯಾರೆಂದು ನಾನು ಎಂದೂ ಕೇಳಿಲ್ಲ. ಕೆಟ್ಟ ಮನಸ್ಸಿನಿಂದ ಯಾರು ಕರೆಯುತ್ತಾರೆ? ಪ್ರೀತಿಯಿಂದಲೇ ಕರೆದದ್ದು. ನನಗೆ ಹೆದರಿಕೆಯಾಗುವುದು ಅದಕ್ಕೇ. ಆವತ್ತು ಹತ್ತಾರು ಜನರಿದ್ದರು. ಇನ್ನು ಮುಂದೆ ಸಾವಿರಾರು ಜನ ಹಾಡು ಮುಗಿಸಿ, ಒಂದೇ ಉಸಿರಿನಲ್ಲಿ ಎದ್ದು, ಅದೇ ಗೇಟಿಗೆ ಬರುತ್ತಾರೆ. ಮುಂದಿನವರು ನಿಂತರೂ ಹಿಂದಿನವರಿಗೆ ಗೊತ್ತಾಗುತ್ತದೆಯೇ? ಹಿಂದಿನವರು ತಳ್ಳಿದರೆ ಮುಂದಿನವರು ನಿಲ್ಲಬಲ್ಲರೇ? ರಾತ್ರಿ ಮಲಗಿದರೆ ನನಗೆ ಇದೇ ಕಾಣುತ್ತದೆ. ಎದ್ದು ಕೂರುತ್ತೇನೆ.

ಮೇಯರ್ ಸಾಹೇಬರು ಆ ಕೇಕಿನ ದಿನ ಇನ್ನೊಂದು ಮಾತು ಹೇಳಿದರು. "ಟೀಚರ್, ಹಳಿ ಕಡೆ ಇರೋ ಗ್ಯಾಲರಿಗೆ ದೆಝೋ ಮಾವನ ಹೆಸರೇ ಇಡೋಣ ಅಂತಿದೀವಿ." ನನ್ನ ಕೈಯಲ್ಲಿದ್ದ ತಟ್ಟೆ ಬಿದ್ದು ಒಡೆಯಿತು. ಸಂತೋಷಕ್ಕೆ ಬಿತ್ತು ಎಂದು ಅವರು ತಿಳಿದರು. ತಿಹಮೇರ್, ಕಲ್ಲಿಗೂ ಗ್ಯಾಲರಿಗೂ ಅವರ ಹೆಸರು ಬೇಡ. ಆ ಗೇಟಿನ ಕೆಳಗೆ ದಾರಿ ಅಗೆಸು. ಮೊದಲು ಅದು, ಆಮೇಲೆ ಹುಲ್ಲು. ಆ ದಾರಿಗೆ ಬೇಕಾದರೆ ನಿನ್ನ ಹೆಸರೇ ಇಟ್ಟುಕೋ, ನಾನೇ ಬಂದು ರಿಬ್ಬನ್ ಕತ್ತರಿಸುತ್ತೇನೆ. ಅಲ್ಲಿಯವರೆಗೆ ಸಮಿತಿ ನನಗೆ ಕೊಟ್ಟಿರುವ ಈ ಗಾಜಿನ ಫಲಕ ಇಲ್ಲೇ ಮೇಜಿನ ಮೇಲಿರಲಿ. ಜೊತೆಗೆ ಕೊಟ್ಟ ಏಪ್ರಿಕಾಟ್ ಬ್ರಾಂದಿಯನ್ನು ಮಾತ್ರ ತೆಗೆದುಕೊಂಡು ಹೋಗುತ್ತೇನೆ, ಈ ಸಂಜೆ ನನಗೆ ಬೇಕಾಗುತ್ತದೆ.

ಮುಗಿಸುತ್ತಿದ್ದೇನೆ. ಪದ್ಧತಿಯಂತೆ ಈಗ ನಾವು ಹಾಡಬೇಕು, ಕೊನೆಯ ಸ್ವರ ನಿಂತ ಮೇಲೆ ಒಟ್ಟಿಗೆ ಎದ್ದು ಆ ಒಂದೇ ಬಾಗಿಲಿಗೆ ಹೋಗಬೇಕು. ಹೊರಗೆ ರೈಲಿನ ಹೊತ್ತಾಗಿದೆ. ಗಂಟೆ ಮತ್ತೆ ಶುರುವಾಗಿದೆ, ಕೇಳಿಸಿಕೊಳ್ಳಿ. ಈ ಸಲವಾದರೂ ಕೇಳಿಸಿಕೊಳ್ಳಿ.

ಈ ಊರಿನಲ್ಲಿ ಯಾರೂ ಕೇಳದ ಒಂದು ಉಪಕಾರವನ್ನು ನಾನು ನಿಮ್ಮಲ್ಲಿ ಕೇಳುತ್ತೇನೆ. ಹಾಡು ನಡೆಯುತ್ತಿರುವಾಗಲೇ ಎದ್ದು ಹೋಗಿ. ಬಾಗಿಲಲ್ಲಿ ನಿಂತವರು ಮೊದಲು, ಆಮೇಲೆ ಹಿಂದಿನ ಸಾಲು, ಆಮೇಲೆ ಅದರ ಮುಂದಿನದು. ಹಾಡುತ್ತಲೇ ಹೋಗಿ, ಬೀದಿಯಲ್ಲೂ ಹಾಡಿ. ರೋಜಿ, ನಿನ್ನ ಸೌಟು ಕೆಳಗಿಡು. ಇವತ್ತು ಹೋದವರನ್ನು ಯಾರೂ ದ್ರೋಹಿ ಅನ್ನಬಾರದು. ಇದನ್ನು ಇಲ್ಲಿ ಕಲಿತರೆ ನಾಳೆ ಅಲ್ಲಿ ಬದುಕಿ ಉಳಿಯುತ್ತೇವೆ. ಹಾಡಿನ ಕೊನೆಯ ಸಾಲು ಖಾಲಿ ಕುರ್ಚಿಗಳಿಗೆ ಕೇಳಿಸಿದರೆ ದೆಝೋ ಬೇಸರ ಮಾಡಿಕೊಳ್ಳುವುದಿಲ್ಲ. ಅವರ ಪರವಾಗಿ ನಾನು ಮಾತು ಕೊಡುತ್ತೇನೆ.

ಕಿಂಗಾ, ಬಾ ಇಲ್ಲಿ. ಟ್ರಂಪೆಟ್ ನನಗೆ ಕೊಡು. ನನಗೂ ಊದಲು ಬರುತ್ತದೆ, ಉಸಿರು ಎಷ್ಟಿದೆಯೋ ಅಷ್ಟು. ಆವತ್ತು ಇದನ್ನು ನೀನು ಹೊತ್ತೆ. ಇವತ್ತು ಕೈ ಖಾಲಿ ಮಾಡಿಕೊಂಡು, ಎಲ್ಲರಿಗಿಂತ ಮೊದಲು ನೀನು ಹೋಗು ಮಗಳೇ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಗೇಟು ಬಿದ್ದಿದ್ದರೆ ದಯವಿಟ್ಟು ನಿಂತುಕೊಳ್ಳಿ. ಆಚೆಯಿಂದ ಯಾರಾದರೂ ಪ್ರೀತಿಯಿಂದ ಕರೆದರೂ ನಿಂತುಕೊಳ್ಳಿ. ನಮಸ್ಕಾರ.