ನೊರೆ ಮೆತ್ತದ ಸೂರು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಅಕ್ಕ ತಮ್ಮ ಕುಳಿತಿದ್ದರು. ಇಬ್ಬರಿಗೂ ಕೂದಲು ನರೆತಿತ್ತು. ಅಕ್ಕನಿಗೆ ಡ್ರಾಪ್ಸ್ ಹಾಕಿ ಕಣ್ಣು ಮುಚ್ಚಿಸಿ ಕೂರಿಸಿದ್ದರು. ಬಿಸಿಲು ತಡೆಯಲು ಸೂರಿನ ಒಳಮೈಗೆ ನೊರೆಯಂತೆ ಉಬ್ಬಿ ಗಟ್ಟಿಯಾಗುವ ಫೋಮ್ ಹೊಡೆಯುವುದು ತಮ್ಮನ ಕೆಲಸವೆಂದು ಮಾತಿನಿಂದಲೇ ತಿಳಿಯಿತು.

“ನಾಳೆ ಬೆಳಿಗ್ಗೆ ನಿನ್ನ ಮನೆಗೆ ಫೋಮ್ ಗಾಡಿ ತರ್ತೀನಕ್ಕಾ. ಅರ್ಧ ದಿನದ ಕೆಲಸ.”

“ತಂದ್ರೆ ಹಾಗೇ ವಾಪಸ್ ತಗೊಂಡು ಹೋಗು. ನಾನು ಬಾಗಿಲು ತೆಗೆಯಲ್ಲ.”

“ಅಟ್ಟದ ಕೋಣೆ ಕಾದ ಬಾಣಲೆ ಆಗಿದೆ. ನಿನ್ನ ಮೊಮ್ಮಗು ಮಲಗೋದು ಬೇಡ್ವಾ?”

“ನನ್ನ ಹತ್ರ ಕೆಳಗೆ ಮಲಗುತ್ತೆ. ಮಳೆ ಬಂದಾಗೆಲ್ಲ ಹಂಚಿನ ಸಂದೀಲಿ ನೀರು ಸೋರ್ತಿದೆ. ಒಳಗಿಂದ ನೊರೆ ಮೆತ್ತಿದ್ರೆ ಸೋರೋದು ನಿಲ್ಲುತ್ತಾ?”

ತಮ್ಮ ಕೈಲಿದ್ದ ಆಸ್ಪತ್ರೆ ಚೀಟಿಯನ್ನು ಮಡಚತೊಡಗಿದ.

“ಹೇಳೋ, ಹೊಡೆಯೋನು ನೀನೇ ಅಲ್ವಾ?”

“ನಿಲ್ಲಲ್ಲ. ಕಾಣಲ್ಲ, ಅಷ್ಟೆ.”

“ಕಾಣದೇನೇ ಜಂತೆ ಕೊಳೆಯುತ್ತೆ. ಪ್ರತಿ ಸಲ ಮಳೆ ನಿಂತ ಮೇಲೆ ಸ್ಕ್ರೂಡ್ರೈವರ್ ತಗೊಂಡು ಒಂದೊಂದೇ ಜಂತೆ ಚುಚ್ಚಿ, ಮೆತ್ತಗಾಗಿದ್ಯಾ ಅಂತ ನೋಡೋಳು ನಾನು. ಮುಚ್ಚಿಬಿಟ್ರೆ ಎಲ್ಲಿ ಚುಚ್ಚಲಿ, ನಿನ್ನ ತಲೆಗಾ?”

ತಮ್ಮನಿಗೆ ನಗು ಬಂತು. ಅಕ್ಕನ ಕೆನ್ನೆಗಿಳಿದ ಔಷಧಿಯನ್ನು ತನ್ನ ಕರವಸ್ತ್ರದಿಂದ ಮೆಲ್ಲಗೆ ಒರೆಸಿದ.

“ನಮ್ಮ ಫೋಮ್ ಕಂಪನಿ ಓನರ್‌ಗೆ ನಿನ್ನ ಮನೆ ಕೆಲಸ ಕೊಡಿಸ್ತೀನಿ ಅಂತ ಮಾತು ಕೊಟ್ಟಾಗಿದೆ, ಅಕ್ಕಾ.”

“ನನ್ನ ಸೂರಿಗೆ ಮಾತು ಕೊಡೋಕೆ ನೀನ್ಯಾರೋ? ಮೊದಲು ಹಂಚು ಸರಿಯಾಗ್ಲಿ, ಮರ ಒಣಗ್ಲಿ. ಆಮೇಲೆ ನಿನ್ನ ನೊರೆ.”

“ಆಯ್ತು ಮಾರಾಯ್ತಿ, ನಾಳೆ ಗಾಡಿ ಬೇಡ. ಹಂಚೇ ತರ್ತೀನಿ.”

ನರ್ಸ್ ಕರೆದಳು. ತಮ್ಮ ಅಕ್ಕನ ಕೈ ಹಿಡಿದು ಎಬ್ಬಿಸಿದ. ಅವಳು ಕಾಲಿನಿಂದ ನೆಲ ತಡಕುತ್ತಾ ಹೊರಟಳು.

“ನಾಳೆ ಏಣಿ ನೀನು ಹಿಡ್ಕೊಂಡಿರು, ನಾನು ಹತ್ತುತ್ತೀನಿ,” ಎಂದ ಅವನು.

“ಹಿಡ್ಕೊಳ್ಳೋನು ನೀನು. ಹತ್ತೋಳು ನಾನು.”