ಹಾರ್ಕ್‌ಸೈಕ್ ಅನ್ನೋ ಮನೆಹೆಸರು

ಯಾರ್ಕ್‌ಷೈರಿನ ಒಂದು ಸಣ್ಣ ಊರಿನ ಬಸ್ ಸ್ಟಾಪಿನಲ್ಲಿ ವಿನ್ನಿ ಕೂತಿದ್ದಳು. ಪಕ್ಕದಲ್ಲಿ ಅವಳಿಗೆ ಮುಖಪರಿಚಯವಿದ್ದ ಮುದುಕ ಅರ್ನೆಸ್ಟ್ ಹಾರ್ಕ್‌ಸೈಕ್, ಅವನ ವಿಧವೆ ಸೊಸೆ ಹೇಜಲ್. ಇಬ್ಬರೂ ಅವನ ಮಗ ಅಲನ್‌ನ ಸಮಾಧಿಗೆ ಹೂವಿಟ್ಟು ಬಂದಿದ್ದರು.

"ಮಾವ, ಮೇ ತಿಂಗಳಲ್ಲಿ ಕೀತ್‌ನ ಮದುವೆ ಆಗ್ತಿದೀನಿ."

"ಗೊತ್ತಮ್ಮ. ಒಳ್ಳೇ ಹುಡುಗ."

"ಮಗಳಿಗೂ ಅವನ ಮನೆಹೆಸರೇ ಇಡೋಣ ಅಂತಿದೀವಿ."

ಮುದುಕ ರಸ್ತೆಯಾಚೆಗೆ ಕೈ ತೋರಿಸಿದ.

"ಸೈಕ್ ಅಂದ್ರೆ ಹಳ್ಳ. ಹಾರ್ಕ್ ಹಳ್ಳದ ದಂಡೇಲಿದ್ದೋರು ನಾವು, ಅದಕ್ಕೇ ಆ ಹೆಸರು. ಒಂದು ಕಾಲಕ್ಕೆ ಚರ್ಚಿನ ಅರ್ಧದಷ್ಟು ಬೆಂಚುಗಳನ್ನ ನಮ್ಮೋರೇ ತುಂಬ್ತಿದ್ರು. ಆಮೇಲೆ ಪಟ್ಟಣಕ್ಕೆ ನೀರು ಬೇಕು ಅಂತ ಅಣೆಕಟ್ಟು ಕಟ್ಟಿದ್ರು. ಹಳ್ಳ, ಮನೆ ಎಲ್ಲಾ ಮುಳುಗಿ ಜನ ಚದುರಿಹೋದ್ರು. ಈ ಹೆಸರಲ್ಲಿ ಈಗ ಉಳಿದಿರೋದು ನಾನು, ನಿನ್ನ ಮಗಳು ಪಾಲಿ ಇಬ್ಬರೇ."

"ನೀವು ಬೇಡ ಅಂದ್ರೆ ಬಿಡ್ತೀನಿ ಮಾವ."

"ಬೇಡ ಅನ್ನಲ್ಲ. ಅಪ್ಪ ಅಂತ ಕರೆಯೋಕೆ ಅವಳಿಗೊಬ್ಬ ಬೇಕು. ಹೆಸರಿಗೇನು, ಅವಳ ಟೀಚರಿಗೇ ಅದನ್ನ ಸರಿಯಾಗಿ ಬರೆಯೋಕೆ ಬರಲ್ಲ."

ಹೇಜಲ್ ನಗಲು ಹೋಗಿ ಅತ್ತಳು.

"ಒಂದೇ ಮಾತು ಕಣಮ್ಮ. ಬದಲಾಯಿಸಿದ ದಿನ ನನಗೆ ಹೇಳಬೇಡ. ಗೊತ್ತಿಲ್ಲದ ಹಾಗೇ ಇದ್ಬಿಡ್ತೀನಿ."

ಬಸ್ಸು ಬಂತು. ಅವನು ಸೊಸೆಯ ಕೈಹಿಡಿದು ಹತ್ತಿಸಿ, ಆಮೇಲೆ ತಾನು ಹತ್ತಿದ. ವಿನ್ನಿಯೂ ಅದೇ ಬಸ್ಸಿಗೆ ಕಾದಿದ್ದಳು. ಆದರೆ ಅಷ್ಟೆಲ್ಲ ಕೇಳಿಸಿಕೊಂಡ ಮೇಲೆ ಅವರ ಹಿಂದೆಯೇ ಹತ್ತಲು ಅವಳಿಗೆ ಮನಸ್ಸಾಗಲಿಲ್ಲ.