ಮೂರನೇ ಸಾಲಿನ ಬಿಡುವು

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಬೆಳಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ಎರಡನೇ ಮಹಡಿಯ ರೆಕಾರ್ಡಿಂಗ್ ಕೋಣೆಯಲ್ಲಿ ನಾಲ್ವರಿದ್ದರು: ಗಾಯಕಿ, ಕೀಬೋರ್ಡಿನವನು, ಡ್ರಮ್ಮಿನವನು ಮತ್ತು ಎಲ್ಲರೂ ತಾತ ಎಂದು ಕರೆಯುವ ಎಪ್ಪತ್ನಾಲ್ಕು ವರ್ಷದ ರೆಕಾರ್ಡಿಸ್ಟ್.

ಅಂದಿನ ಕೆಲಸ ಒಂದೇ ಹಾಡು. ನಲವತ್ತೈದು ವರ್ಷ ಹಳೆಯ ಶೋಕಗೀತೆಯನ್ನು ಕುಣಿಯುವ ಲಯಕ್ಕೆ ತಿರುಗಿಸಿ ಹೊಸದಾಗಿ ಹಾಡಬೇಕಿತ್ತು. ಗಾಯಕಿ ಒಪ್ಪಿದ್ದಕ್ಕೆ ಬೇರೆ ಕಾರಣವೂ ಇತ್ತು. ಎಂಟು ತಿಂಗಳ ಹಿಂದೆ ಅವಳ ಅಣ್ಣ ಬೈಕ್ ಅಪಘಾತದಲ್ಲಿ ಸತ್ತಿದ್ದ. ಅಳುವ ಹಾಡು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಇದನ್ನು ನಗುತ್ತಾ ಹಾಡಿದರೆ ಅವನಿಗೆ ಇಷ್ಟವಾಗುತ್ತಿತ್ತು ಎಂದು ಅವಳಿಗೆ ಅನ್ನಿಸಿತ್ತು. ಇಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ.

"ಕರೆಂಟು ಬರೋ ಹೊತ್ತಿಗೆ ನಿನ್ನ ಮಗಳು ನಡೆಯೋಕೆ ಕಲ್ತಿರ್ತಾಳೆ ಬಿಡಕ್ಕಾ," ಡ್ರಮ್ಮಿನವನು ಅಂದ. ಹತ್ತು ತಿಂಗಳ ಮಗುವನ್ನು ಗಂಡನ ಕೈಗೆ ಕೊಟ್ಟು ಅವಳು ಬಂದಿದ್ದಳು.

"ನೀನು ತಾಳ ಸರಿಯಾಗಿ ಹಿಡಿಯೋ ಹೊತ್ತಿಗೆ ಅವಳ ಮದುವೇನೇ ಆಗಿರುತ್ತೆ ಹೋಗೋ."

ತಾತ ನಗಲಿಲ್ಲ. ಮೊಬೈಲಿನ ಬೆಳಕನ್ನು ಗೋಡೆಗೆ ತಿರುಗಿಸಿಟ್ಟು ಕುರ್ಚಿ ಎಳೆದುಕೊಂಡರು.

"ಹಳೇ ಹಾಡಲ್ಲಿ ಮೂರನೇ ಸಾಲಾದ ಮೇಲೆ ಒಂದು ಬಿಡುವಿತ್ತಲ್ಲ, ಅದನ್ನ ತೆಗೆದವರು ಯಾರು?"

"ನಾನೇ ತಾತ," ಕೀಬೋರ್ಡಿನವನು ಅಂದ. "ಎರಡು ಸೆಕೆಂಡ್ ಸುಮ್ನೆ ಖಾಲಿ. ಕುಣಿಯೋರು ಎಡವಿ ಬೀಳ್ತಾರೆ."

"ನಾನೂ ಒಂದು ಕಾಲದಲ್ಲಿ ಹಂಗೇ ಅಂದ್ಕೊಂಡಿದ್ದೆ. ಹತ್ತಿರ ಬನ್ನಿ, ಮಳೆ ಸದ್ದಲ್ಲಿ ಕೂಗಿ ಹೇಳೋ ಮಾತಲ್ಲ ಇದು...

"ಈ ಹಾಡನ್ನ ಮೊದಲು ಹಾಡಿದ್ದು ಗಂಡನ್ನ ಕಳ್ಕೊಂಡ ಒಬ್ಬ ಹೆಂಗಸು, ಇದೇ ಕೋಣೆಯಲ್ಲಿ, ರೆಕಾರ್ಡ್ ಮಾಡಿದ್ದು ನಾನೇ. 'ಬಾಗಿಲು ತೆರೆದೇ ಇದೆ, ಒಳಗೆ ಬಾ' ಅಂತ ಮೂರನೇ ಸಾಲು... ಅಷ್ಟು ಹಾಡಿ ಆಯಮ್ಮ ನಿಂತುಬಿಟ್ಟಳು. ಎರಡೇ ಸೆಕೆಂಡ್. ಅದರಲ್ಲಿ ಏನಿತ್ತು ಗೊತ್ತಾ? ಬಾ ಅಂತ ಬಾಯಿ ಕರೀತು, ನೀನು ಬರಲ್ಲ ಅಂತ ನಂಗೊತ್ತು ಬಿಡು ಅಂತ ಆ ಬಿಡುವು ಹೇಳ್ತು. ಕರೆದ ಹಾಗೂ ಆಯ್ತು, ಕಳಿಸಿಕೊಟ್ಟ ಹಾಗೂ ಆಯ್ತು. ಊರೆಲ್ಲ ಕೇಳಿ ಅತ್ತು ಹಗುರಾಯ್ತು... ಯಾರಿಗೂ ಏನೂ ಆಗಲಿಲ್ಲ.

"ಆರು ವರ್ಷ ಕಳೆದ ಮೇಲೆ ಕಂಪನಿಯವರು ಬಂದು, ಇದೇ ಹಾಡು ಖುಷಿಯಾಗಿ ಬೇಕು, ಬೇರೆ ಕಂಠ ಬೇಕು ಅಂದ್ರು. ನನ್ನ ಹೆಂಡತಿ ಹೆಸರು ಹೇಳಿದೆ. ಒಳ್ಳೆ ಕಂಠ, ಆದ್ರೆ ಎರಡು ವರ್ಷದಿಂದ ಹಾಡೋಕೆ ಬಾಯೇ ಬಿಟ್ಟಿರಲಿಲ್ಲ... ನಮ್ಮ ಏಳು ವರ್ಷದ ಮಗಳು ಜ್ವರ ಬಂದು ಹೋಗಿದ್ಲು. ಹಾಡಿದ್ರೆ ಚೇತರಿಸ್ಕೋತಾಳೆ ಅಂದ್ಕೊಂಡೆ. ತಪ್ಪಾ ಅದು? ನೀವೇ ಹೇಳಿ. ಅವಳ ಅಭ್ಯಾಸಕ್ಕೆ ಹಳೇ ಹಾಡಿನ ಪ್ರತಿ ತೆಗೆದು, ಬಿಡುವಿದ್ದಷ್ಟು ಟೇಪನ್ನ, ಸರಿಯಾಗಿ ಮೂವತ್ತು ಇಂಚು, ಬ್ಲೇಡಲ್ಲಿ ಕತ್ತರಿಸಿ ಅಂಟಿಸಿದೆ. ಮೈಕ್ ಮುಂದೆ ನಿಲ್ಲಿಸಿ, ನಗ್ತಾ ಹಾಡು ಅಂದೆ. ತುಟಿ ನಕ್ಕರೆ ಧ್ವನಿಯಲ್ಲಿ ಕೇಳುತ್ತೆ, ನಮ್ಮ ಕಸುಬಿನ ಮೊದಲ ಪಾಠ ಅದು. ನಕ್ಕಳು... ಶಾಲೆ ಬಿಟ್ಟು ಬಂದ ಮಗೂನ ಮೆಟ್ಟಿಲ ಮೇಲೆ ಕಂಡು ಕರೀತಾರಲ್ಲ, ಹಾಗೆ ಕರೆದಳು.

"ಟೇಪ್ ಹಿಂದಕ್ಕೆ ತಿರುಗಿಸಿ ಕೇಳಿದ್ರೆ, ಮೂರನೇ ಸಾಲಿನ ಕೊನೇಲಿ ಸಣ್ಣ ಧ್ವನಿ. 'ಬಂದೆ ಅಮ್ಮಾ.'

"ಅವತ್ತು ಮನೇಲಿ ಅವಳು ನಾಲ್ಕು ತಟ್ಟೆ ಹಾಕಿದಳು. ಇದ್ದಿದ್ದು ಮೂರೇ ಜನ, ನಾವಿಬ್ಬರು, ಮೂರು ವರ್ಷದ ಮಗ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಮಗ ಮಾತ್ರ... ಯಾರಿಗೋ ಜಾಗ ಬಿಟ್ಟು ಸರಿದು ಕೂತ. ವಾರ ಕಳೆಯೋಷ್ಟರಲ್ಲಿ ಅವನ ಮೈ ಕೆಂಡದ ಹಾಗೆ ಸುಡ್ತು. 'ಅಕ್ಕ ನನ್ನನ್ನ ತಬ್ಕೊಂಡು ಮಲಗ್ತಾಳೆ ಅಪ್ಪಾ, ಸೆಕೆ' ಅಂದ.

"ಬಿಡುವಿಟ್ಟು ಹಾಡಿ ಅವಳನ್ನ ಕಳಿಸಿಬಿಡು ಅಂತ ಹೆಂಡತಿ ಕಾಲು ಹಿಡಿದೆ. ಇಲ್ಲೇ ನಿಂತು ಹಾಡಿದಳು. ಬಿಡುವು ಬಂತು... ನಗು ಹೋಗಲಿಲ್ಲ. 'ಎದುರಿಗೇ ಕೂತಿದಾಳಲ್ರೀ, ಅವಳನ್ನ ನೋಡ್ಕೊಂಡು ಹೇಗೆ ಅಳಲಿ?' ಅಂದಳು. ಹೌದಲ್ವಾ? ಬಂದವರಿಗೋಸ್ಕರ ಅಳೋದು ಹೇಗೆ?

"ಮಗನ್ನ ಎತ್ಕೊಂಡು ಅವತ್ತೇ ಮನೆ ಬಿಟ್ಟೆ. ಜ್ವರ ಇಳೀತು. ಅವನಿಗೀಗ ನಲವತ್ತೆರಡು, ಅಮ್ಮನ ಮುಖ ನೆನಪಿಲ್ಲ. ಅವಳು ಇವತ್ತಿಗೂ ಆ ಮನೇಲೇ ಇದಾಳೆ. ತಿಂಗಳಿಗೊಂದು ಸಲ ಸಾಮಾನು ತಂದು ಹೊಸಿಲಲ್ಲಿಟ್ಟು ಬರ್ತೀನಿ. ವರ್ಷಕ್ಕೊಂದು ಜೊತೆ ಚಪ್ಪಲಿ ಕೇಳ್ತಾಳೆ, ಏಳು ವರ್ಷದ ಹುಡುಗಿ ಅಳತೇದು... ಹಳೇ ಜೊತೆ ಸವೆದಿರುತ್ತೆ."

"ಮಳೆ ಬಂದ್ರೆ ಸಾಕು, ಹೆದರಿಸೋಕೆ ಶುರು ಮಾಡ್ತೀರಪ್ಪ," ಕೀಬೋರ್ಡಿನವನು ಅಂದ.

ತಾತ ಗಾಯಕಿಯತ್ತ ತಿರುಗಿದರು. "ಬೆಳಗ್ಗೆ ಒಂದ್ಸಲ ಹಾಡಿ ನೋಡಿದೆಯಲ್ಲಮ್ಮಾ, ನಾನು ಹೆಡ್‌ಫೋನ್ ಹಾಕ್ಕೊಂಡಿದ್ದೆ. ಮೂರನೇ ಸಾಲಾದ ಕೂಡಲೇ ಒಬ್ಬ ಗಂಡಸು... ಮೆಟ್ಟಿಲು ಹತ್ತುತ್ತಿರೋನ ಹಾಗೆ ಏದುಸಿರು. 'ಇರೇ ಕಪ್ಪೆ, ಬರ್ತಿದೀನಿ' ಅಂದ. ನಿನ್ನನ್ನ ಕಪ್ಪೆ ಅಂತಿದ್ದವರು ಯಾರಮ್ಮಾ?"

ಎಂಟು ತಿಂಗಳಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

"ಇನ್ನೂ ಬಂದಿಲ್ಲ, ಬರ್ತಿದಾನೆ. ಬಿಡುವಿಟ್ಟು ಮನಸಾರೆ ಅತ್ತು ಹಾಡು, ತಿರುಗಿ ಹೋಗ್ತಾನೆ. ಮನೇಲಿ ಕೂಸಿದೆ ನಿಂಗೆ."

ಐದಕ್ಕೆ ಐದು ನಿಮಿಷ ಇರುವಾಗ ಕರೆಂಟು ಬಂತು. ಕೀಬೋರ್ಡಿನವನು ವಾದ ಮಾಡದೆ ಎರಡು ಸೆಕೆಂಡ್ ವಾಪಸ್ ಸೇರಿಸಿದ. ಗಾಯಕಿ ಗಾಜಿನಾಚೆ ಹೋಗಿ ಹೆಡ್‌ಫೋನ್ ಹಾಕಿಕೊಂಡಳು. ಮಗಳ ಮುಖ ನೆನೆದುಕೊಂಡು ಮೊದಲ ಸಾಲು ಹಾಡಿದಳು, ಎರಡನೆಯದು, ಮೂರನೆಯದು. ಬಿಡುವು ಬಂತು. ಅವಳು ತುಟಿ ಕಚ್ಚಿ ಹಿಡಿದಳು. ಕಿವಿಯ ಹತ್ತಿರವೇ, ಮೆಟ್ಟಿಲು ಹತ್ತಿ ಬಂದ ಏದುಸಿರು ಕೇಳಿತು. ಅವಳಿಗೆ ನಗು ಬಂತು.

ಟೇಕ್ ಮುಗಿದಾಗ ಐದು ಗಂಟೆ ಎರಡು ನಿಮಿಷ. ಐದು ಗಂಟೆ ಆರು ನಿಮಿಷಕ್ಕೆ ಅವಳ ಗಂಡ ಫೋನ್ ಮಾಡಿದ. ಮಗು ಮೊದಲ ಮಾತಾಡಿತು, ಬಾಗಿಲ ಕಡೆ ಕೈ ಚಾಚಿ 'ಮಾಮ' ಅಂದಿತು ಎಂದು ಹೇಳಿದ.